ಪೆಟ್ಟಿಗೆ ನಾಲ್ಕಿವೆ, ಮೊಟ್ಟೆ ಮಾತ್ರ ಮೂಲೆಯಲ್ಲಿ: ಏನು ತಪ್ಪಿದೆ?

ಆವರಗೆರೆ ಹಿತ್ತಲು:
ದಾವಣಗೆರೆ, ಆವರಗೆರೆ. ಹಿತ್ತಲಲ್ಲಿ 10×8 ಅಡಿ ಶೆಡ್ಡು, ಮೇಲೆ ತಗಡಿನ ಶೀಟು. 8 ನಾಟಿ ಹ್ಯಾಟೆ (ಹೆಣ್ಣು ಕೋಳಿ), 5 ಗಿರಿರಾಜ ತಳಿಯ ಹ್ಯಾಟೆ, ಒಂದು ಹುಂಜ. ಎಲ್ಲಕ್ಕೂ ಸುಮಾರು 27 ವಾರ. ದಿನಕ್ಕೆ 5–6 ಮೊಟ್ಟೆ ಬರ್ತಿದೆ, ಮೊಟ್ಟೆ ಇಡೋಕೆ ಅಂತ ಇಟ್ಟ ಪೆಟ್ಟಿಗೆಯಲ್ಲಿ ಸಿಗೋದು ಒಂದೇ. ಉಳಿದದ್ದು ಮೇವಿನ ಚೀಲದ ಹಿಂದಿನ ಮೂಲೆಯಲ್ಲಿ, ಇಲ್ಲ ಹೊರಗೆ ಹುಲ್ಲಿನ ಬಣವೆ ಬುಡದಲ್ಲಿ.

ಅಳತೆ ಹೇಳಿಬಿಡ್ತೀನಿ. ಪೆಟ್ಟಿಗೆ 4, ಒಂದೊಂದೂ 12 ಇಂಚು ಚೌಕ, ನೆಲದಿಂದ 3 ಅಡಿ ಮೇಲೆ ಗೋಡೆಗೆ ಹೊಡೆದಿದೆ. ಕೂರೋ ಗಳು 2 ಅಡಿ ಎತ್ತರದಲ್ಲಿ. ಪೆಟ್ಟಿಗೆ ಒಳಗೆ ಭತ್ತದ ಹೊಟ್ಟು. ಬೆಳಿಗ್ಗೆ 6ಕ್ಕೆ ಬಾಗಿಲು ತೆಗೀತೀವಿ. ಪೆಟ್ಟಿಗೆ ತುಂಬಾ ಹಿಕ್ಕೆ, ದಿನಾ ಬಳಿಯೋದೇ ಕೆಲಸ. ಎಲ್ಲಿಂದ ಶುರು ಮಾಡ್ಬೇಕು?

ಹರಿಹರ ಹೊಳೆದಂಡೆ:
ನೀವು ಕೊಟ್ಟ ಅಳತೆಯೊಳಗೇ ಉತ್ತರ ಐತಿ ನೋಡ್ರಿ. ಗಳು 2 ಅಡಿ, ಪೆಟ್ಟಿಗೆ 3 ಅಡಿ. ಕೋಳಿ ರಾತ್ರಿ ಮಲಗಾಕ ಶೆಡ್ಡಿನಾಗ ಎಲ್ಲಕ್ಕಿಂತ ಎತ್ತರದ ಜಾಗ ಹುಡುಕ್ತೈತಿ. ನಿಮ್ಮಲ್ಲಿ ಆ ಜಾಗ ಪೆಟ್ಟಿಗೆ. ಹಂಗಾಗಿ ಅದು ಮಲಗೋ ಮನೆ ಆಗೇತಿ, ಹಿಕ್ಕೆ ತುಂಬೇತಿ. ಹಿಕ್ಕೆ ತುಂಬಿದ ಜಾಗದಾಗ ಹ್ಯಾಟೆ ತತ್ತಿ ಇಡಂಗಿಲ್ಲ, ಚೊಕ್ಕ ಇರೋ ಮೂಲಿಗೆ ಹೋಗ್ತೈತಿ. ಕೋಳಿ ತಪ್ಪು ಏನೂ ಇಲ್ಲ.

ಇವತ್ತೇ ಅದಲು ಬದಲು ಮಾಡ್ರಿ. ಪೆಟ್ಟಿಗಿ ತಳ ನೆಲದಿಂದ 1 ಅಡಿ, ಹೆಚ್ಚಂದ್ರ ಒಂದೂವರೆ. ಗಳು 2 ಅಡಿಗೇ ಇರಲಿ. ಗಿರಿರಾಜ ದಪ್ಪ ಕೋಳಿ, 3 ಅಡಿಗೆ ಹಾರಾಕ ಆಗಂಗಿಲ್ಲ, ಹಾರಿದ್ರೂ ಇಳಿಯುವಾಗ ಕಾಲಿಗೆ ಪೆಟ್ಟು. ಗಳ 2 ಇಂಚು ಅಗಲ ಇರಲಿ, ಮೇಲಿನ ಅಂಚು ಉಜ್ಜಿ ದುಂಡಗೆ ಮಾಡ್ರಿ. ಒಂದು ಕೋಳಿಗೆ 8ರಿಂದ 10 ಇಂಚು ಅಂದ್ರ 14ಕ್ಕೆ ಹತ್ತಿರ ಹತ್ತಿರ 12 ಅಡಿ ಗಳ ಬೇಕು. 10 ಅಡಿ ಗೋಡೆಗುಂಟ ಒಂದು ಸಾಲದು. ಎರಡು ಗಳ ಹಾಕ್ರಿ, ನಡುವೆ ಒಂದು ಅಡಿ ಬಿಡ್ರಿ, ಎರಡೂ ಒಂದೇ ಮಟ್ಟಕ್ಕೆ ಇರಲಿ. ಮೇಲೆ ಕೆಳಗೆ ಹಾಕಿದ್ರ ಮೇಲಿನದಕ್ಕೇ ಜಗಳ. ಗಳದಾಗ ಜಾಗ ಸಿಗದ ಬಡಪಾಯಿ ಮತ್ತ ಪೆಟ್ಟಿಗಿಗೇ ಬರ್ತೈತಿ.

ಹಿರಿಯೂರು ತೋಟದ ಮನೆ:
ಎತ್ತರ ಸರಿ ಮಾಡಿದ್ರೂ ಮಲಗೋ ಚಟ ಒಂದೇ ದಿನಕ್ಕೆ ಹೋಗಲ್ಲ. ಸಂಜೆ 5ಕ್ಕೆ ಪೆಟ್ಟಿಗೆ ಬಾಯಿಗೆ ಹಲಗೆ ಇಲ್ಲ ಗೋಣಿ ತಟ್ಟು ಅಡ್ಡ ಕೊಡಿ. ಅಷ್ಟೊತ್ತಿಗೆ ಆ ದಿನದ ಮೊಟ್ಟೆ ಮುಗಿದಿರುತ್ತೆ. ಕತ್ತಲಾಗಿ ಎಲ್ಲಾ ಗಳದ ಮೇಲೆ ಕೂತ ಮೇಲೆ, 8ರ ಹೊತ್ತಿಗೆ, ಹೋಗಿ ಹಲಗೆ ತೆಗೀರಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣಲ್ಲ, ಇಳಿದು ಬರಲ್ಲ. ಬೆಳಿಗ್ಗೆ ಎದ್ದು ತೆಗೀತೀನಿ ಅಂತ ಬಿಟ್ರೆ ಒಂದು ದಿನ ಮರೆತೇ ಮರೀತೀರಿ, ಅವತ್ತು ಎಲ್ಲಾ ಮೊಟ್ಟೆ ನೆಲದ ಮೇಲೆ, ಮಾಡಿದ್ದೆಲ್ಲ ಹೊಳೆಗೆ ಹೋಯ್ತು. ಹತ್ತು ಹನ್ನೆರಡು ದಿನ ಬಿಡದೆ ಮಾಡಿದ್ರೆ ಸಾಕು.

ಇನ್ನೊಂದು, ಬಾಗಿಲು 6ಕ್ಕೆ ತೆಗೆಯೋದು. ಬಣವೆಯಲ್ಲಿ ಮೊಟ್ಟೆ ಸಿಗೋಕೆ ಅದೇ ಕಾರಣ. ಎರಡು ವಾರ 10, 10ವರೆ ತನಕ ಶೆಡ್ಡಲ್ಲೇ ಇರಲಿ. ಒಳಗೆ ನೀರು, ಮೇವು ಇರಲೇಬೇಕು.

ಭರಮಸಾಗರ:
10 ಗಂಟೆಗೆ ಎಲ್ಲ ಕೋಳಿಯೂ ಇಟ್ಟು ಮುಗಿಸಿರುತ್ತದೆ ಎಂದುಕೊಳ್ಳಬೇಡಿ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಇವತ್ತು 8ಕ್ಕೆ ಇಟ್ಟ ಕೋಳಿ ನಾಳೆ 9ಕ್ಕೆ, ನಾಡಿದ್ದು 10ಕ್ಕೆ, ಹೀಗೆ ಸರಿಯುತ್ತಾ ಮಧ್ಯಾಹ್ನ ಮುಟ್ಟಿ, ಒಂದು ದಿನ ಬಿಟ್ಟು ಮತ್ತೆ ಬೆಳಿಗ್ಗೆಗೆ ಬರುತ್ತದೆ. ಹೆಚ್ಚಿನವು ಬೆಳಿಗ್ಗೆಯೇ ಇಡುತ್ತವೆ ಎಂಬುದು ನಿಜ. ಆದರೆ ಬಣವೆಗೆ ಹೋಗುವ ಕೋಳಿಗಳು ಮಧ್ಯಾಹ್ನ ಇಡುವವೇ ಆಗಿದ್ದರೆ 10ರವರೆಗೆ ಕೂಡಿ ಹಾಕಿ ಏನೂ ಪ್ರಯೋಜನವಿಲ್ಲ. ಮೊದಲ 4–5 ದಿನ ಮಧ್ಯಾಹ್ನ 2ರವರೆಗೆ ಒಳಗೇ ಇಡಿ, ಆಮೇಲೆ ನಿಧಾನವಾಗಿ 10ಕ್ಕೆ ಇಳಿಸಿ. 80 ಚದರಡಿಯಲ್ಲಿ 14 ಕೋಳಿ ಅಷ್ಟು ಹೊತ್ತು ಇರಬಲ್ಲವು. ಬೇಸರಕ್ಕೆ ಒಂದನ್ನೊಂದು ಕುಕ್ಕದ ಹಾಗೆ ಒಂದು ಕಟ್ಟು ಸೊಪ್ಪು ಕೋಳಿಯ ಎದೆಮಟ್ಟಕ್ಕೆ ತೂಗುಹಾಕಿ.

ಮೇವು ಹಾಕುವ ಹೊತ್ತೂ ಮುಖ್ಯ. 7ರಿಂದ 10ರ ನಡುವೆ ಕಾಳು ಚೆಲ್ಲಿದರೆ ಗೂಡಲ್ಲಿ ಕೂತದ್ದೂ ಎದ್ದು ಓಡಿ ಬರುತ್ತದೆ. ಹೊತ್ತು ಮೀರಿದ ಮೇಲೆ ಅದಕ್ಕೆ ಮತ್ತೆ ಪೆಟ್ಟಿಗೆ ಹತ್ತುವ ವ್ಯವಧಾನ ಇರುವುದಿಲ್ಲ, ನಿಂತಲ್ಲೇ ಇಡುತ್ತದೆ. ಬೆಳಕು ಹರಿಯುತ್ತಿದ್ದ ಹಾಗೆ ಹಾಕಿಬಿಡಿ. ಕೈಮೇವು ಏನಿದ್ದರೂ ಸಂಜೆಗೆ.

ಚಳ್ಳಕೆರೆ ಶೇಂಗಾ:
ಮೂಲೆ ಬಗ್ಗೆ ಯಾರೂ ಹೇಳ್ಲಿಲ್ಲ. ಮೇವಿನ ಚೀಲದ ಹಿಂದೆ ಕತ್ತಲು, ಮರೆ, ಎರಡು ಕಡೆ ಗೋಡೆ, ಬೆನ್ನಿಗೆ ಚೀಲ. ಹ್ಯಾಟೆಗೆ ಬೇಕಾದ್ದು ಎಲ್ಲಾ ಅಲ್ಲೇ ಐತೆ. ಪೆಟ್ಟಿಗೆ ಆ ಮೂಲೆನ ಸೋಲಿಸಬೇಕು, ಇಲ್ದಿದ್ರೆ ಮೂಲೆನೇ ಕೆಡಿಸಬೇಕು. ಎರಡೂ ಒಟ್ಟಿಗೆ ಮಾಡಿ.

ಚೀಲ ಶೆಡ್ಡಿಂದ ಹೊರಗೆ, ಮುಚ್ಚಳ ಇರೋ ಡ್ರಮ್ಮಿಗೆ. ಇಲಿ ಕಾಟನೂ ತಪ್ಪುತ್ತೆ, ಇಲಿ ಬಂದ್ರೆ ಹಿಂದೇನೇ ಹಾವು. ನಾಲ್ಕೂ ಮೂಲೆಗೆ ಒಂದೊಂದು ಹಲಗೆ ಓರೆಯಾಗಿ ಆನಿಸಿ, ಇಲ್ಲಾ ಸೈಜುಗಲ್ಲು ಜೋಡಿಸಿ ಮೂಲೆ ತುಂಬಿಬಿಡಿ. ನೆಲದ ಹೊಟ್ಟು ಎಷ್ಟು ದಪ್ಪ ಐತೆ? 2 ಇಂಚಿಗಿಂತ ಜಾಸ್ತಿ ಇದ್ರೆ ಸದ್ಯಕ್ಕೆ ಕಡಿಮೆ ಮಾಡಿ. ನೆಲ ಪೆಟ್ಟಿಗೆಗಿಂತ ಮೆತ್ತಗಿದ್ರೆ ಪೆಟ್ಟಿಗೆ ಯಾಕೆ ಹತ್ತಬೇಕು ಅದು?

ಬಣವೆ ಬುಡಕ್ಕೆ ಜಾಲಿ ಮುಳ್ಳು. ನಮ್ಮ ಕಡೆ ಬಳ್ಳಾರಿ ಜಾಲಿಗೆ ಬರ ಇಲ್ಲ. ಸುತ್ತ ಒಂದೂವರೆ ಅಡಿ ಎತ್ತರಕ್ಕೆ ಒತ್ತಿ. ಮುಳ್ಳಿನ ತುದಿ ಹೊರಗೆ ಮುಖ ಮಾಡಿರ್ಲಿ.

ಆವರಗೆರೆ ಹಿತ್ತಲು:
ನೆಲದ ಹೊಟ್ಟು 4 ಇಂಚು ಇದೆ. ಪೆಟ್ಟಿಗೆಯಲ್ಲಿ 2 ಇಂಚು. ಈಗ ಗೊತ್ತಾಯ್ತು. ಪೆಟ್ಟಿಗೆಗೆ ಏನು ಹಾಸಬೇಕು? ಹೊಟ್ಟು ಹಾಕಿದ್ರೆ ಎರಡೇ ದಿನಕ್ಕೆ ಕೆರೆದು ಆಚೆ ಚೆಲ್ಲಿ ಬರಿ ಹಲಗೆ ಉಳಿಯುತ್ತೆ. ಪೆಟ್ಟಿಗೆನೂ ಹೊಸದೇ ಮಾಡಿಸೋಣ ಅಂತ ಇದೀನಿ, ಈಗಿರೋದರ ಮುಂದೆ ತಡೆ ಪಟ್ಟಿನೇ ಇಲ್ಲ.

ಹೊಳಲ್ಕೆರೆ ಮರಗೆಲಸ:
ತಡೆ ಪಟ್ಟಿ ಇಲ್ಲದ್ದಕ್ಕೇ ಹೊಟ್ಟು ನಿಲ್ತಿಲ್ಲ. 4 ಇಂಚು ಪಟ್ಟಿ ಬೇಕು. 3 ಇಂಚು ಕಡಿಮೆಯಾಯ್ತು, 6 ಆದ್ರೆ ಗಿರಿರಾಜ ಕಾಲೆತ್ತಿ ಇಡುವಾಗ ಮೊಟ್ಟೆ ಮೇಲೆ ಧೊಪ್ಪನೆ ಇಳಿಯುತ್ತೆ.

12 ಎಂಎಂ ಪ್ಲೈವುಡ್ 8×4 ಅಡಿ ಒಂದು ಶೀಟಲ್ಲಿ ಮೂರು ಖಾನೆ ಪೆಟ್ಟಿಗೆ ಪೂರ್ತಿ ಆಗುತ್ತೆ. ಕೊಯ್ಯೋ ಲೆಕ್ಕ ಹೀಗೆ: 38 ಇಂಚು ಉದ್ದದ ನಾಲ್ಕು ತುಂಡು. ತಳ 14 ಇಂಚು, ಹಿಂಬದಿ 28, ಮೇಲ್ಹಲಗೆ 21, ಮುಂದಿನ ಪಟ್ಟಿ 4. ಒಟ್ಟು 67 ಇಂಚು ಆಯ್ತು. ಉಳಿದ ಶೀಟಲ್ಲಿ 14×42ರ ಎರಡು ತುಂಡು ಕೊಯ್ದು, ಒಂದೊಂದನ್ನೂ ಓರೆಯಾಗಿ ಸೀಳಿದ್ರೆ ನಾಲ್ಕು ಅಡ್ಡಗೋಡೆ ಸಿಗ್ತವೆ. ಒಂದು ಕಡೆ 14 ಇಂಚು, ಇನ್ನೊಂದು ಕಡೆ 28. 14 ಇಂಚಿನದು ಮುಂದಕ್ಕೆ, 28 ಗೋಡೆ ಕಡೆಗೆ. ಆಗ ಮೇಲ್ಹಲಗೆ ಸರಿಯಾಗಿ 45 ಡಿಗ್ರಿ ಇಳಿಜಾರು ಬರುತ್ತೆ. ಈ ಇಳಿಜಾರು ಅಂದಕ್ಕಲ್ಲ. ಮಟ್ಟಸ ಇದ್ರೆ ಕೋಳಿ ಪೆಟ್ಟಿಗೆ ಮೇಲೆ ಹತ್ತಿ ಮಲಗುತ್ತೆ.

ಉದ್ದಕ್ಕೂ 10 ಇಂಚು ಅಗಲದ ಪಟ್ಟಿ ಮಿಗುತ್ತೆ ನೋಡಿ, ಅದನ್ನ ಬಿಸಾಕಬೇಡಿ. ಬಾಯಿ ಎತ್ತರ 14ರಲ್ಲಿ ತಡೆ ಪಟ್ಟಿ 4 ಹೋದ್ರೆ ಉಳಿಯೋದು 10. ಹಿರಿಯೂರಿನವರು ಹೇಳಿದ ಸಂಜೆ ಮುಚ್ಚಳ ಅದ್ರಲ್ಲೇ ಆಯ್ತು. ಮೇಲೆ ಎರಡು ಕೀಲು ಹಾಕಿದ್ರೆ ಎತ್ತಿ ಕೊಕ್ಕೆಗೆ ಸಿಗಿಸಬಹುದು.

ಮುಂದಿನ ಪಟ್ಟಿಗೆ ಮೊಳೆ ಹೊಡೀಬೇಡಿ, ಸ್ಕ್ರೂ ಹಾಕಿ, ಬಿಚ್ಚಿ ಗುಡಿಸೋಕೆ ಬೇಕು. ಬಾಯಿಯಿಂದ 6 ಇಂಚು ಮುಂದೆ, ತಳದ ಮಟ್ಟಕ್ಕೆ ಒಂದು 2×1 ಇಂಚಿನ ರೀಪರ್ (ಮರದ ಪಟ್ಟಿ). ಅದರ ಮೇಲೆ ನಿಂತು ಒಳಗೆ ಇಣುಕಿ ನೋಡಿ ಆಮೇಲೆ ಹೋಗ್ತವೆ. ಹಿಂಬದಿ ಹಲಗೆಗೆ ಮೇಲ್ಗಡೆ ಖಾನೆಗೆ ನಾಲ್ಕರಂತೆ 1 ಇಂಚಿನ ತೂತು ಹೊಡೀರಿ, ಬಿಸಿ ಗಾಳಿ ಹೋಗೋಕೆ. ಪೆಟ್ಟಿಗೆ ಗೋಡೆಗೆ ಅಂಟಿಸಬೇಡಿ, ಒಂದು ಇಂಚು ಬಿಡಿ.

ಬರೀ ನಾಟಿಗೆ ಆದ್ರೆ ಇಷ್ಟು ಖರ್ಚು ಬೇಡ. 15 ಕೆಜಿ ಎಣ್ಣೆ ಡಬ್ಬ ಅಡ್ಡ ಮಲಗಿಸಿ ಒಂದು ಮುಖ ಕೊಯ್ದರೆ ಸಾಕು, 9 ಇಂಚು ಅಗಲ, 14 ಇಂಚು ಉದ್ದ. ಕೊಯ್ದ ಅಂಚನ್ನ ಒಳಕ್ಕೆ ಮಡಚಿ ಸುತ್ತಿಗೆಯಲ್ಲಿ ಬಡೀಬೇಕು, ಇಲ್ಲಾಂದ್ರೆ ಪಾದ ಸೀಳುತ್ತೆ. ಗಿರಿರಾಜಕ್ಕೆ ಅದು ಇಕ್ಕಟ್ಟು. ಟೊಮ್ಯಾಟೊ ಕ್ರೇಟು ಪಕ್ಕಕ್ಕೆ ಮಲಗಿಸಿದ್ರೂ ನಡೆಯುತ್ತೆ, ಮೂರು ಕಡೆ ಗೋಣಿ ಕಟ್ಟಿ ಬೆಳಕು ತಡೀಬೇಕು.

ಚನ್ನಗಿರಿ ಅಡಿಕೆ ತೋಟ:
ನಮ್ಮ ಕಡೆಯವರು ಪ್ಲೈವುಡ್ ಬದಲು ಅಡಿಕೆ ದಬ್ಬೆ ಬಳಸಬಹುದು, ಕಾಸಿಲ್ಲದೆ ಆಗುತ್ತೆ. ತೊಂದರೆ ಒಂದೇ, ದಬ್ಬೆಯ ಸಂದಿಯಲ್ಲಿ ಉಣ್ಣೆ ಸೇರಿಕೊಳ್ಳುತ್ತೆ. ಸಂದಿ ಮುಚ್ಚೋಕೆ ಒಳಗಡೆ ಸುಣ್ಣ ದಪ್ಪಗೆ ಎರಡು ಸಲ ಬಳೀಬೇಕು.

ಹಾಸಿಗೆ ವಿಷಯ. ಬರೀ ಹೊಟ್ಟು ನಿಲ್ಲೋದಿಲ್ಲ, ಬರೀ ಹುಲ್ಲು ಹಾಕಿದ್ರೆ ಮೊಟ್ಟೆ ಜಾರಿ ಹಲಗೆ ಮುಟ್ಟುತ್ತೆ. ಕೆಳಗೆ 2 ಇಂಚು ಭತ್ತದ ಹೊಟ್ಟು ಇಲ್ಲ ಮರದ ಕೀಸು, ಮೇಲೆ 2 ಇಂಚು ಭತ್ತದ ಹುಲ್ಲು. ಹುಲ್ಲನ್ನ ಆರಾರು ಇಂಚಿಗೆ ಕತ್ತರಿಸಿ, ಮುಷ್ಟಿಯಿಂದ ನಡುವೆ ಒತ್ತಿ ತಟ್ಟೆ ತರಹ ಗುಳಿ ಮಾಡಿ. ಆ ಗುಳಿ ನೋಡಿದ್ರೇನೇ ಹ್ಯಾಟೆಗೆ ಕೂರಬೇಕು ಅನಿಸೋದು. ತೆಂಗಿನ ನಾರು ಉದ್ದುದ್ದ ಹಾಕಬೇಡಿ, ಕಾಲಿಗೆ ಸುತ್ತಿಕೊಂಡು ರಕ್ತ ಕಟ್ಟುತ್ತೆ.

ಚಳ್ಳಕೆರೆ ಶೇಂಗಾ:
ಹಾಸೋದಕ್ಕೆ ಶೇಂಗಾ ಸಿಪ್ಪೆ ಅಗ್ಗ ಅಂತ ಯಾರಾದ್ರೂ ಹೇಳ್ತಾರೆ, ನಮ್ಮೂರಲ್ಲಿ ಎಣ್ಣೆ ಮಿಲ್ಲು ಜಾಸ್ತಿ. ಒಣಗಿದ್ರೆ ಪರವಾಗಿಲ್ಲ. ಹಸಿ ತಾಗಿದ್ರೆ ಬೂಸ್ಟು ಹಿಡಿಯುತ್ತೆ, ಆ ಬೂಸ್ಟಿನ ವಿಷ ಕೋಳಿಯ ಈಲಿಗೆ ಹೊಡೆಯುತ್ತೆ. ಸಿಪ್ಪೆ ಜೊತೆ ಉಳಿದ ಚೂರು ಕಾಳು ಹೆಕ್ಕಿ ತಿಂತವೆ ಅನ್ನೋದು ಮರೀಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಜಗಳೂರು ಕೋಳಿ:
ಎಲ್ಲರೂ ಮರೆತದ್ದು ಸುಳ್ಳು ಮೊಟ್ಟೆ. ಒಂದು ಮೊಟ್ಟೆ ಕಂಡ ಕಡೆ ಇನ್ನೊಂದು ಇಡೋದು ಹ್ಯಾಟೆಯ ಗುಣ. ಪ್ರತಿ ಖಾನೆಗೆ ಒಂದು ಇಡಿ, ಎರಡು ಬೇಡ. ಹೆಚ್ಚಾದ್ರೆ ಕಾವು ಕೂರುತ್ತೆ. ಮರದ್ದು ಸಿಕ್ರೆ ಒಳ್ಳೇದು. ಇಲ್ಲಾ ಮೊಟ್ಟೆ ಗಾತ್ರದ ನುಣ್ಣನೆ ಹೊಳೆಗಲ್ಲಿಗೆ ಸುಣ್ಣ ಬಳಿದು ಒಣಗಿಸಿ. ಟೇಬಲ್ ಟೆನಿಸ್ ಚೆಂಡು ಹಗುರ, ಕೆರೆದರೆ ಹೊರಗೆ ಬೀಳುತ್ತೆ. ಸೂಜಿ ತೂತಲ್ಲಿ ಸಣ್ಣ ಮರಳು ತುಂಬಿ ಫೆವಿಕ್ವಿಕ್ ಹಾಕಿ ಮುಚ್ಚಿದ್ರೆ ತೂಕ ಬರುತ್ತೆ.

ಅದೇ ಹೊತ್ತಿಗೆ ನೆಲದ ಮೊಟ್ಟೆ ಕಂಡ ತಕ್ಷಣ ತೆಗೀಬೇಕು. ಮೊದಲ ವಾರ 7ರಿಂದ 11ರ ತನಕ ಗಂಟೆಗೊಂದು ಸಲ ಶೆಡ್ಡು ಸುತ್ತಿ. ಯಾವುದಾದ್ರೂ ಮೂಲೆಯಲ್ಲಿ ಕೆರೀತಾ ಕೂರೋಕೆ ಹೊರಟಿದ್ರೆ ಗದರಬೇಡಿ, ಎರಡು ಕೈಯಲ್ಲಿ ರೆಕ್ಕೆ ಒತ್ತಿ ಹಿಡಿದು ಪೆಟ್ಟಿಗೆ ಒಳಗೆ ಬಿಟ್ಟು ಒಂದು ನಿಮಿಷ ಬಾಯಿಗೆ ಗೋಣಿ ಅಡ್ಡ ಹಿಡಿಯಿರಿ. ಗುಳಿ ಕಂಡು ಅಲ್ಲೇ ಕೂರುತ್ತೆ. ಕೂರದಿದ್ರೆ ಬಿಟ್ಟುಬಿಡಿ. ಎಳೆದಾಡಿದ್ರೆ ಪೆಟ್ಟಿಗೆ ಕಂಡರೇ ಓಡುತ್ತೆ.

ಹರಿಹರ ಹೊಳೆದಂಡೆ:
ಪರದೆ ಕಟ್ಟೋದು ಹೇಗೆ ಅಂತ ಇಲ್ಲಿ ಎರಡು ಮಾತು ಬರ್ತಾವು, ಮೊದಲೇ ಹೇಳ್ತೀನಿ. ಬಾಯಿಗೆ ಪೂರ್ತಿ ಪರದೆ ಕಟ್ಟಬ್ಯಾಡ್ರಿ. ಎಳೆ ಹ್ಯಾಟಿಗೆ ಒಳಗ ಏನೈತಿ ಅಂತ ಕಾಣಲಿಲ್ಲ ಅಂದ್ರ ಅಂಜ್ತಾವು.

ಹಿರಿಯೂರು ತೋಟದ ಮನೆ:
ಪರದೆ ಇಲ್ದೆ ಇದ್ರೆ ಮರೆ ಎಲ್ಲಿಂದ ಬರುತ್ತೆ ಅಣ್ಣ? ಬೆಳಕು ಬಿದ್ದ ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟ ಮೇಲೆ ಬೇರೆಯವು ಹಿಂದೆ ಕುಕ್ಕುತ್ತವೆ, ರಕ್ತ ಬರುತ್ತೆ. ಗೋಣಿಯನ್ನ ಎರಡು ಇಂಚಿನ ಪಟ್ಟಿ ಪಟ್ಟಿಯಾಗಿ ಸೀಳಿ ಬಾಯಿಯ ಅರ್ಧ ಮಾತ್ರ ಇಳಿಬಿಡಿ. ಮೊದಲ ವಾರ ನಡುವಿನ ಪಟ್ಟಿ ಎತ್ತಿ ಸಿಗಿಸಿ, ಒಳಗೆ ಸುಳ್ಳು ಮೊಟ್ಟೆ ಕಾಣೋ ಹಾಗೆ. ಒಗ್ಗಿದ ಮೇಲೆ ಇಳಿಸಿ.

ಹರಿಹರ ಹೊಳೆದಂಡೆ:
ಅರ್ಧ ಅಂದ್ರ ನಂದೇನೂ ತಕರಾರಿಲ್ಲ.

ಆವರಗೆರೆ ಹಿತ್ತಲು:
ಪೆಟ್ಟಿಗೆ ಯಾವ ಗೋಡೆಗೆ ಇಡೋದು? ಈಗ ಪಡುವಣ ಗೋಡೆಗಿದೆ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಶೀಟಿನ ಕೆಳಗೆ ನಿಲ್ಲೋಕಾಗಲ್ಲ.

ಭರಮಸಾಗರ:
ಅದೂ ಒಂದು ಕಾರಣ. 3 ಅಡಿ ಎತ್ತರದಲ್ಲಿ, ಕಾದ ಶೀಟಿಗೆ ಹತ್ತಿರ, ಪಡುವಣ ಬಿಸಿಲಿಗೆ ಬೆನ್ನು ಕೊಟ್ಟ ಪೆಟ್ಟಿಗೆ. ಅದರೊಳಗೆ ಕೋಳಿ ಅರ್ಧ ಗಂಟೆಯಿಂದ ಒಂದು ಗಂಟೆ ಕೂರಬೇಕು. ಕೋಳಿಗೆ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ತಂಪು ನೆಲ ಇರುವಾಗ ಅಲ್ಲಿಗೇಕೆ ಹೋದೀತು? ಬಡಗಣ ಗೋಡೆ ಸಿಕ್ಕರೆ ಅತ್ಯುತ್ತಮ, ಇಲ್ಲವಾದರೆ ಮೂಡಣ. ಬಾಗಿಲಿಗೆ ನೇರ ಎದುರು ಬೇಡ, ಜನ ಓಡಾಡುವ ಕಡೆ ಬೇಡ. ಶೀಟಿನ ಮೇಲೆ ಸುಣ್ಣ ಬಳಿದು ಅಡಿಕೆ ಸೋಗೆ ಅಥವಾ ತೆಂಗಿನ ಗರಿ ಹೊದಿಸಿ. ಸೋಗೆ ನೇರ ಶೀಟಿಗೆ ತಾಗದೆ 2 ಇಂಚು ಎತ್ತರದಲ್ಲಿ ನಿಂತರೆ ನಡುವಿನ ಗಾಳಿಯಿಂದ ಇನ್ನೂ ತಂಪು.

ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಮೊಟ್ಟೆ ಎತ್ತಿ. ಹುಂಜ ಇದೆ ಎಂದಿರಿ. ಹುಂಜ ಇದ್ದ ಮೇಲೆ ಮೊಟ್ಟೆ ಫಲಿತ. ಸುಮಾರು 21 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಳಗಿನ ಭ್ರೂಣ ನಿಧಾನವಾಗಿ ಬೆಳೆಯಲು ಶುರುವಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಸಂಜೆವರೆಗೆ ಬಿಟ್ಟ ಮೊಟ್ಟೆ ಬೇಗ ಕೆಡುವುದು ಅದಕ್ಕೇ. ಬಣವೆಯಲ್ಲಿ ಎಷ್ಟು ದಿನದ್ದೋ ಗೊತ್ತಿಲ್ಲದ ಮೊಟ್ಟೆ ಸಿಕ್ಕರೆ ನೀರಿನ ಬಕೆಟ್ಟಿಗೆ ಹಾಕಿ ನೋಡಿ. ಮಲಗಿದರೆ ತಾಜಾ, ನಿಂತರೆ ಹಳತು, ತೇಲಿದರೆ ತಿಪ್ಪೆಗೆ. ಮರಿಗೆ ಇಡಬೇಕೆಂದಿರುವ ಮೊಟ್ಟೆಯನ್ನು ಮಾತ್ರ ತೊಳೆಯಬೇಡಿ.

ಜಗಳೂರು ಕೋಳಿ:
ಪೆಟ್ಟಿಗೆ ಎಲ್ಲಾ ಸರಿ ಇದ್ದೂ ಹ್ಯಾಟೆ ಒಳಗೆ ಹೋಗಿ ತಕ್ಷಣ ಜಿಗಿದು ಬಂದ್ರೆ ಉಣ್ಣೆ ಇಲ್ಲಾ ಕೆಂಪು ನುಸಿ ಇದೆ ಅಂತ. ಹಗಲು ಕಾಣಲ್ಲ. ಗಳದ ತುದಿ, ಪೆಟ್ಟಿಗೆ ಸಂದಿ, ಮಣ್ಣಿನ ಗೋಡೆ ಬಿರುಕಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಕುಡಿಯುತ್ತೆ. ರಾತ್ರಿ 9ರ ಮೇಲೆ ಟಾರ್ಚ್ ಹಿಡಿದು ಹೋಗಿ ಗಳದ ಅಡಿಗೆ ಬಿಳಿ ಬಟ್ಟೆ ಉಜ್ಜಿ. ಕೆಂಪು ಗೀರು ಬಂದ್ರೆ ನುಸಿ. ಉಣ್ಣೆ ಆದ್ರೆ ಬರಿಗಣ್ಣಿಗೇ ಚಪ್ಪಟೆಯಾಗಿ ಕಾಣುತ್ತೆ.

ಹಾಸಿಗೆ ಎಲ್ಲಾ ತೆಗೆದು ಸುಡಿ. ಪೆಟ್ಟಿಗೆ ಸಂದಿಗೆ ಕುದಿಯೋ ನೀರು ಹೊಯ್ದು ಎರಡು ದಿನ ಬಿಸಿಲಿಗೆ ಒಡ್ಡಿ, ಆಮೇಲೆ ಸುಣ್ಣ. ಕಬ್ಬಿಣದ ಡಬ್ಬ ಆದ್ರೆ ಒಳಗೆ ಒಂದು ಹಿಡಿ ಹುಲ್ಲು ಉರಿಸಿದ್ರೂ ಆಯ್ತು. 7 ದಿನಕ್ಕೆ ಇನ್ನೊಮ್ಮೆ ಮಾಡ್ಬೇಕು, ಮೊದಲ ಸಲ ತಪ್ಪಿದ ತತ್ತಿಗಳು ಅಷ್ಟರಲ್ಲಿ ಒಡೆದಿರ್ತವೆ. ಶೆಡ್ಡಿನ ಹೊರಗೆ ಒಂದು ಟೈರಿನಲ್ಲಿ ಸಣ್ಣ ಮಣ್ಣು, ಒಲೆ ಬೂದಿ ಅರ್ಧರ್ಧ ತುಂಬಿಡಿ, ಹೊರಳಾಡೋಕೆ. ಅದು ಇಲ್ಲ ಅಂದ್ರೆ ಪೆಟ್ಟಿಗೆ ಹಾಸಿಗೆಯಲ್ಲೇ ಹೊರಳಾಡ್ತವೆ. ದನಕ್ಕೆ ಹೊಡೆಯೋ ಉಣ್ಣೆ ಔಷಧಿ ಮಾತ್ರ ಕೋಳಿಗೆ ನೀವಾಗೇ ಹೊಡೀಬೇಡಿ. ಪಶು ಆಸ್ಪತ್ರೆಯಲ್ಲಿ ಕೇಳಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನೋದನ್ನೂ ಕೇಳಿ.

ಆವರಗೆರೆ ಹಿತ್ತಲು:
ಉಣ್ಣೆ ಇಲ್ಲ, ನೋಡಿದೆ. ಆದ್ರೆ ಇರೋ ಒಂದೇ ಪೆಟ್ಟಿಗೆ ಮೊಟ್ಟೆಯೂ ಎರಡು ದಿನದಿಂದ ಒಡೆದಿದೆ. ಹಳದಿ ಮೆತ್ತಿಕೊಂಡಿದೆ, ಚಿಪ್ಪು ಅರ್ಧ ಇಲ್ಲ. ಮುಂಗುಸಿನಾ? ಇಲ್ಲಾ ಕೋಳಿನೇ ತಿಂತಿದಾವಾ? ಖಾರದಪುಡಿ ತುಂಬಿದ ಮೊಟ್ಟೆ ಇಡಿ ಅಂತ ಪಕ್ಕದ ಮನೆಯವರು ಹೇಳ್ತಿದಾರೆ.

ಚಳ್ಳಕೆರೆ ಶೇಂಗಾ:
ಹಾವಾದ್ರೆ ಚಿಪ್ಪಿನ ಚೂರೂ ಉಳಿಯಲ್ಲ, ಇಡಿಯಾಗಿ ನುಂಗುತ್ತೆ. ಮುಂಗುಸಿ ಆಚೆ ತಗೊಂಡು ಹೋಗಿ ಒಡೆಯುತ್ತೆ. ಪೆಟ್ಟಿಗೆ ಒಳಗೇ ಹಳದಿ ಮೆತ್ತಿ ಚಿಪ್ಪೂ ಮಾಯ ಆಗಿದ್ರೆ ಕೋಳಿನೇ. ಕೊಕ್ಕಿನ ಪಕ್ಕ ಒಣಗಿದ ಹಳದಿ ಯಾವುದಕ್ಕೆ ಅಂಟಿದೆ ನೋಡಿ.

ಖಾರದಪುಡಿ ದಂಡ. ಕೋಳಿಗೆ ಖಾರ ಹತ್ತಲ್ಲ. ಮೆಣಸಿನಕಾಯಿ ಹಕ್ಕಿಗಳ ನಾಲಿಗೆಗೆ ಉರಿ ಕೊಡಲ್ಲ, ಅದಕ್ಕೇ ಗಿಳಿಗಳು ಆರಾಮಾಗಿ ತಿನ್ನೋದು. ಖಾರ ತುಂಬಿದ ಮೊಟ್ಟೆನೂ ಖುಷಿಯಿಂದ ತಿಂದು ಮುಗಿಸ್ತವೆ.

ಭರಮಸಾಗರ:
ಒಡೆದ ಮೊಟ್ಟೆಯ ರುಚಿ ನೋಡಿದ ಮೇಲೆಯೇ ತಿನ್ನುವ ಚಟ ಬರುವುದು, ಆದ್ದರಿಂದ ಮೊದಲು ಯಾಕೆ ಒಡೆಯುತ್ತಿದೆ ಎಂದು ನೋಡಿ. ಹಾಸಿಗೆ ಇಲ್ಲದೆ ಬರಿ ಹಲಗೆಗೆ ಬಿದ್ದರೆ ಒಡೆಯುತ್ತದೆ. ಚಿಪ್ಪು ತೆಳುವಾಗಿದ್ದರೂ ಒಡೆಯುತ್ತದೆ. ಏನು ಮೇವು ಹಾಕುತ್ತಿದ್ದೀರಿ?

ಆವರಗೆರೆ ಹಿತ್ತಲು:
ಮೆಕ್ಕೆಜೋಳದ ನುಚ್ಚು, ಅಕ್ಕಿ ನುಚ್ಚು. ಮನೆಯಲ್ಲಿ ಉಳಿದ ಅನ್ನ, ತರಕಾರಿ.

ಭರಮಸಾಗರ:
ಅದೇ. ದಾವಣಗೆರೆಯಲ್ಲಿ ಮೆಕ್ಕೆಜೋಳ ಸಲೀಸಾಗಿ ಸಿಗುತ್ತದೆ ಎಂದು ಅದೊಂದನ್ನೇ ಹಾಕುವವರು ಬಹಳ. ಅದರಲ್ಲಿ ಪ್ರೋಟೀನು ಶೇ. 9ರ ಆಸುಪಾಸು, ಸುಣ್ಣದಂಶ ಇಲ್ಲವೆಂದೇ ಹೇಳಬಹುದು. ಮೊಟ್ಟೆ ಇಡುವ ಕೋಳಿಗೆ ಶೇ. 16–18 ಪ್ರೋಟೀನು ಬೇಕು. ಒಂದೊಂದು ಚಿಪ್ಪಿಗೂ 2 ಗ್ರಾಂನಷ್ಟು ಕ್ಯಾಲ್ಸಿಯಂ ಹೋಗುತ್ತದೆ. ಹೊರಗಿಂದ ಸಿಗದಿದ್ದರೆ ತನ್ನ ಮೂಳೆಯಿಂದ ತೆಗೆಯುತ್ತದೆ, ಅದೂ ಸಾಲದಾದಾಗ ಚಿಪ್ಪು ತೆಳುವಾಗುತ್ತದೆ.

ಅಂಗಡಿಯ ಲೇಯರ್ (ಮೊಟ್ಟೆ ಕೋಳಿಯ) ಮೇವನ್ನು ತಲೆಗೆ ದಿನಕ್ಕೆ 100ರಿಂದ 120 ಗ್ರಾಂ ಹಾಕಿ. ಹೊರಗೆ ಮೇಯುವ ನಾಟಿಗೆ ಇನ್ನೂ ಕಡಿಮೆ ಸಾಕು. ಕಪ್ಪೆಚಿಪ್ಪಿನ ಪುಡಿ ಅಥವಾ ಸುಣ್ಣದ ಕಲ್ಲಿನ ಜೋಳದ ಗಾತ್ರದ ಚೂರನ್ನು ಬೇರೆ ಬಟ್ಟಲಲ್ಲಿ ಇಡಿ. ಬೇಕಾದ ಹ್ಯಾಟೆ ಬೇಕಾದಷ್ಟು ತಿನ್ನುತ್ತದೆ, ಹುಂಜಕ್ಕೆ ಬೇಡ. ಎಲೆಯಡಿಕೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಹಾಕಲೇಬಾರದು, ಬಾಯಿ ಸುಡುತ್ತದೆ. ಮನೆಯ ಮೊಟ್ಟೆಚಿಪ್ಪು ಹಾಕುವುದಾದರೆ ಬಾಣಲೆಯಲ್ಲಿ ಹುರಿದು ಪುಡಿ ಮಾಡಿ ಹಾಕಿ. ಚಿಪ್ಪಿನ ಆಕಾರ ಉಳಿದರೆ ಚಟ ಹೆಚ್ಚುತ್ತದೆ.

ರಾತ್ರಿ ಗಳದ ಕೆಳಗೆ ಚಿಪ್ಪಿಲ್ಲದ ತೊಗಲು ಮೊಟ್ಟೆ ಬಿದ್ದಿದ್ದರೆ ಅದು ಪೆಟ್ಟಿಗೆಯ ತಕರಾರಲ್ಲ, ಇದೇ ಕೊರತೆ. ಇದ್ದಕ್ಕಿದ್ದಂತೆ ಎಲ್ಲ ಕೋಳಿಗಳೂ ಹಾಗೆ ಇಡತೊಡಗಿ ಗೊರಗೊರ ಉಸಿರು, ಹಸಿರು ಹಿಕ್ಕೆ ಸೇರಿದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು, ತಡಮಾಡದೆ ಪಶು ವೈದ್ಯರಿಗೆ ತೋರಿಸಿ.

ಹೊಳಲ್ಕೆರೆ ಮರಗೆಲಸ:
ಮೇವು ಸರಿಯಾದ ಮೇಲೂ ತಿನ್ನೋದು ಬಿಡದಿದ್ರೆ ಒಂದು ಖಾನೆಯ ತಳ ಹಿಂದಕ್ಕೆ ಓರೆ ಮಾಡಿ. ಒಂದು ಅಡಿಗೆ ಒಂದು ಇಂಚು ಇಳಿಜಾರು, ಮೇಲೆ ರಬ್ಬರು ಮ್ಯಾಟು, ಹಿಂಬದಿ ಹಲಗೆಯ ಬುಡದಲ್ಲಿ ಎರಡೂವರೆ ಇಂಚು ಸಂದಿ. ಇಟ್ಟ ಮೊಟ್ಟೆ ಉರುಳಿ ಹಿಂದಿನ ದೋಣಿಗೆ ಹೋಗುತ್ತೆ, ಕೋಳಿಗೆ ಸಿಗಲ್ಲ. ಇಳಿಜಾರು ಇನ್ನೂ ಜಾಸ್ತಿ ಕೊಟ್ರೆ ಕೂತಾಗ ಜಾರುತ್ತೆ, ಪೆಟ್ಟಿಗೆನೇ ಬಿಡ್ತವೆ. ದೋಣಿಗೆ ಸ್ಪಂಜು ಹಾಕಿ.

ಹಿರಿಯೂರು ತೋಟದ ಮನೆ:
ಖಾನೆ ಲೆಕ್ಕ: 4–5 ಹ್ಯಾಟೆಗೆ ಒಂದು. 13ಕ್ಕೆ ಮೂರು ಸಾಕು, ನಾಲ್ಕಿದ್ರೆ ಒಳ್ಳೇದು, ಯಾಕಂದ್ರೆ ನಾಟಿ ಒಂದು ಕಾವು ಕೂತು ಖಾನೆ ಹಿಡ್ಕೊಂಡ್ರೆ ಉಳಿದವಕ್ಕೆ ಕಮ್ಮಿ ಬೀಳುತ್ತೆ. ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ನಾಟಿ ಕಾವಿಗೆ ಕೂರೋದೇ. ಮರಿ ಬೇಕಾದ್ರೆ ಬೇರೆ ಪುಟ್ಟಿಯಲ್ಲಿ, ಬೇರೆ ಕೋಣೆಯಲ್ಲಿ ರಾತ್ರಿ ಹೊತ್ತು ಎತ್ತಿ ಕೂರಿಸಿ, 21 ದಿನ. ಮರಿ ಬೇಡ ಅಂದ್ರೆ ತಳಕ್ಕೆ ತಂತಿ ಜಾಲರಿ ಇರೋ ಪಂಜರದಲ್ಲಿ ನೆಲದಿಂದ ಒಂದೂವರೆ ಅಡಿ ಮೇಲೆ ತೂಗುಹಾಕಿ, ನೀರು ಮೇವು ಕೊಟ್ಟು 3–4 ದಿನ ಇಡಿ. ಹೊಟ್ಟೆಗೆ ತಣ್ಣನೆ ಗಾಳಿ ತಾಗಿದ್ರೆ ಕಾವು ಇಳಿಯುತ್ತೆ. ನೀರಿಗೆ ಅದ್ದೋದು, ಮೂಗಿಗೆ ಗರಿ ಚುಚ್ಚೋದು ಎಲ್ಲಾ ಹಿಂಸೆ, ಬೇಡ.

ಚನ್ನಗಿರಿ ಅಡಿಕೆ ತೋಟ:
ಮುಂದಿನ ಬ್ಯಾಚಿಗೆ ಒಂದು ಮಾತು. ಪೆಟ್ಟಿಗೆ ಮೊಟ್ಟೆ ಶುರುವಾದ ಮೇಲೆ ಇಟ್ರೆ ತಡ ಆಯ್ತು. ಮೂರು ವಾರ ಮುಂಚೆ ಇಡಿ. ಲೇಯರ್ ತಳಿಗೆ 16ನೇ ವಾರ, ಗಿರಿರಾಜ, ನಾಟಿಗೆ 20ನೇ ವಾರ. ಜುಟ್ಟು ಕೆಂಪಾಗಿ, ಬೆನ್ನು ಒತ್ತಿದ್ರೆ ರೆಕ್ಕೆ ಅಗಲಿಸಿ ಕುಕ್ಕರಿಸಿದ್ರೆ ಒಂದೆರಡು ವಾರದಲ್ಲಿ ಇಡುತ್ತೆ ಅಂತ ಲೆಕ್ಕ. ಮೊದಲ ಹತ್ತು ಮೊಟ್ಟೆ ಎಲ್ಲಿ ಇಡುತ್ತೋ ಆಮೇಲೂ ಅಲ್ಲೇ.

ಡಿಸೆಂಬರಲ್ಲಿ ಮೊಟ್ಟೆ ಕಡಿಮೆ ಆದ್ರೆ ಪೆಟ್ಟಿಗೆಯನ್ನ ಬೈಬೇಡಿ. ಆಗ ನಮ್ಮಲ್ಲಿ ಹಗಲು 11 ಗಂಟೆ 20 ನಿಮಿಷದಷ್ಟೇ. 14 ಗಂಟೆ ಬೆಳಕು ಬೇಕು ಅಂದ್ರೆ 9 ವ್ಯಾಟಿನ ಎಲ್‌ಇಡಿ ಟೈಮರ್ ಇಟ್ಟು ಬೆಳಗಿನ 4ಕ್ಕೆ ಹತ್ತಿಸಿ. ಸಂಜೆಗೆ ಹತ್ತಿಸಿದ್ರೆ ಫಟ್ ಅಂತ ಆರಿದಾಗ ನೆಲದ ಮೇಲಿರೋವು ಗಳ ಹತ್ತೋಕಾಗದೆ ಅಲ್ಲೇ ಕೂರ್ತವೆ. ಬಲ್ಬಿನ ಬೆಳಕು ಪೆಟ್ಟಿಗೆ ಒಳಗೆ ಬೀಳಬಾರದು.

ಆವರಗೆರೆ ಹಿತ್ತಲು:
12ನೇ ದಿನ. ಪೆಟ್ಟಿಗೆ ಬಡಗಣ ಗೋಡೆಗೆ 14 ಇಂಚು ಎತ್ತರದಲ್ಲಿ, ಗಳ ಎರಡು, ಮೂಲೆ ಮುಚ್ಚಿದೆ, ಚಿಪ್ಪಿನ ಬಟ್ಟಲು ಇಟ್ಟಿದೆ. ಇವತ್ತು 6 ಮೊಟ್ಟೆ, 5 ಪೆಟ್ಟಿಗೆಯಲ್ಲಿ. ಗಿರಿರಾಜ ಎಲ್ಲಾ ಒಗ್ಗಿವೆ. ಒಂದು ನಾಟಿ ಮಾತ್ರ 10ಕ್ಕೆ ಬಿಟ್ಟ ಕೂಡಲೇ ನೇರ ದನದ ಕೊಟ್ಟಿಗೆಗೆ ಹೋಗಿ ಗ್ವಾದಲಿಯಲ್ಲೇ (ದನಕ್ಕೆ ಮೇವು ಹಾಕೋ ಜಾಗ) ಇಡುತ್ತೆ. ಯಾವುದು ಅಂತ ಗೊತ್ತಾಗೋಕೆ ಅಡುಗೆ ಬಣ್ಣ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಅನುಮಾನ ಇದ್ದವಕ್ಕೆ ಹಿಂದುಗಡೆ ಹಚ್ಚಿದ್ದೆ, ಮೊಟ್ಟೆ ಮೇಲೆ ಗೀರು ಬಂತು. ಕಪ್ಪು ಬೋಳುಕತ್ತಿನದು.

ಜಗಳೂರು ಕೋಳಿ:
ಅದನ್ನ ಪೆಟ್ಟಿಗೆಗೆ ತರೋ ಬದಲು ಪೆಟ್ಟಿಗೆ ಅದರ ಹತ್ತಿರ ತಗೊಂಡು ಹೋಗಿ. ಒಂದು ಕ್ರೇಟಿಗೆ ಗ್ವಾದಲಿಯಲ್ಲಿರೋ ಅದೇ ಹುಲ್ಲು ತುಂಬಿ, ಸುಳ್ಳು ಮೊಟ್ಟೆ ಹಾಕಿ, ಅದು ಕೂರೋ ಜಾಗದಲ್ಲೇ ಇಡಿ. ಅದರಲ್ಲಿ ಮೂರು ಮೊಟ್ಟೆ ಇಟ್ಟ ಮೇಲೆ ಕ್ರೇಟನ್ನ ಶೆಡ್ಡಿನ ಕಡೆ ದಿನಕ್ಕೆ ಒಂದೊಂದು ಅಡಿ ಸರಿಸಿ. ಸರಿಸೋದು ರಾತ್ರಿ ಹೊತ್ತು, ಅದು ನೋಡದ ಹಾಗೆ. ಒಂದು ದಿನ ಹೊರಗೆ ಇಟ್ರೆ ಎರಡು ಅಡಿ ಹಿಂದಕ್ಕೆ ತಗೊಂಡು ಮತ್ತೆ ಶುರು ಮಾಡಿ. ಕೊಟ್ಟಿಗೆಯಿಂದ ಶೆಡ್ಡಿಗೆ ಎಷ್ಟು ದೂರ?

ಆವರಗೆರೆ ಹಿತ್ತಲು:
18 ಅಡಿ.

ಜಗಳೂರು ಕೋಳಿ:
ಹಾಗಾದ್ರೆ ಮೂರು ವಾರ. ಗ್ವಾದಲಿ ಮೇಲೆ ಮಾತ್ರ ಕ್ರೇಟು ಅಲ್ಲಿಂದ ಸರಿಸಿದ ದಿನದಿಂದಲೇ ಬಿದಿರು ತಟ್ಟಿ ಮುಚ್ಚಿಡಿ, ದನಕ್ಕೆ ಮೇವು ಹಾಕುವಾಗ ತೆಗೆದರಾಯ್ತು.